ಶನಿವಾರದ ಸಕ್ಕರೆ

ಆವತಿ, ದೇವನಹಳ್ಳಿ ತಾಲ್ಲೂಕು
ಗುರುವಾರ, 13 ನವೆಂಬರ್ 2025

ಪ್ರೀತಿಯ ಸಿಂಚನ ಮರಿಗೆ,

ನಿನ್ನ ಸೋದರಮಾವನ ಆಶೀರ್ವಾದ. ಪುಣೆಯಲ್ಲಿ ಚಳಿ ಹೇಗಿದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಆ ತಲೆನೋವು ಬಿಟ್ಟಿತೇ? ಇಲ್ಲಿ ನಿಮ್ಮಮ್ಮ ಚೆನ್ನಾಗಿದ್ದಾಳೆ. ಪಕ್ಕದ ಬೀದಿಯಿಂದ ದಿನಾ ಬಂದು ಈ ತಮ್ಮನನ್ನು ಬೈದು ಹೋಗುತ್ತಾಳೆ. ಅವಳ ಸಕ್ಕರೆ ಕಾಯಿಲೆಯೂ ಹತೋಟಿಯಲ್ಲಿದೆಯಂತೆ, ನಿನ್ನ ಕಂಪ್ಯೂಟರೇ ಹೇಳಿದೆ. ಕ್ಷೇಮಸಮಾಚಾರ ಮುಗಿಯಿತು, ಇನ್ನು ಬೈಗುಳ. ಫೋನಿನಲ್ಲಿ ಬೈದರೆ ‘ಮಾವ, ಮೀಟಿಂಗಲ್ಲಿದ್ದೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದಕ್ಕಾಗುವುದಿಲ್ಲ ಕಣಮ್ಮ.

ನಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ರೋಗಿಗಳ ವಿವರವನ್ನೆಲ್ಲ ನಿಮ್ಮ ತಂಡ ಜಾಲಾಡಿ, ಯಾರಿಗೆ ಕಾಯಿಲೆ ಜೋರಾಗುತ್ತದೆಂದು ಮೊದಲೇ ಕಂಡುಹಿಡಿದು ಕರೆಸುತ್ತದೆ ಅಂತ ಯುಗಾದಿಗೆ ಬಂದಾಗ ನೀನು ಹೇಳಿದೆ. ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಮೊದಲಿಗನಾಗಿದ್ದ ನನಗೆ ತಟ್ಟನೆ ಅರ್ಥವಾಯಿತು. ಅರ್ಥವಾಗದವರಿಗೆ ಟೀ ಅಂಗಡಿಯಲ್ಲಿ ಕುಳಿತು ನಾನೇ ಬಿಡಿಸಿ ಹೇಳಿದೆ. ಹುಡುಗಿಯ ಬುದ್ಧಿ ಸೋದರಮಾವನ ಕಡೆಯದು ಅಂತಲೂ ಸೇರಿಸಿದೆ. ಅಲ್ಲೇ ಜೊತೆಗೆ ಟೀ ಕುಡಿಯುವ ಆದಿನಾರಾಯಣಪ್ಪನಿಗೆ ಪಾದ ತೋರಿಸಿಕೊಂಡು ಹೋಗಲು ಆಸ್ಪತ್ರೆಯಿಂದ ಫೋನು ಬಂದಾಗ, ‘ಲೇ, ನನ್ನ ಹೆಂಡ್ತಿ ಸಕ್ಕರೆ ನೋಡ್ಲಾ, ಮಿಷನ್ನೇ ಕೈ ಮುಗೀತದೆ’ ಎಂದು ಗೇಲಿ ಮಾಡಿದ್ದೆ. ಈಗ ಅವನು ನನ್ನ ಮನೆ ಮುಂದೆ ನೆಟ್ಟಗೆ ನಡೆದು ಹೋಗುತ್ತಾನೆ. ನಿನ್ನತ್ತೆ ಮಂಚದ ಮೇಲಿದ್ದಾಳೆ.

ಹುಳದ ಮನೆಗೆ ಚಪ್ಪಲಿ ಮೆಟ್ಟಿ ಹೋದರೆ ರೇಷ್ಮೆಹುಳುವಿಗೆ ರೋಗ ತಗಲುತ್ತದೆಂದು ಬರಿಗಾಲಲ್ಲೇ ಓಡಾಡುತ್ತಾಳಲ್ಲ, ಸೊಪ್ಪು ತರುವಾಗಲೂ ಅದೇ ಬರಿಗಾಲು. ಕೊಯ್ದುಳಿದ ಹಿಪ್ಪುನೇರಳೆಯ ಚೂಪು ಕೂಳೆ ಹೆಬ್ಬೆರಳ ಬುಡಕ್ಕೆ ನೆಟ್ಟಿದೆ, ಇವಳಿಗೆ ಗೊತ್ತೇ ಆಗಿಲ್ಲ. ನೆಲದ ಮೇಲೆ ರಕ್ತ ಕಂಡು, ಇಲಿ ಹಿಡಿದು ಎಳೆದಾಡಿದೆ ಎಂದು ಬೆಕ್ಕಿಗೆ ಬೈಯುತ್ತಿದ್ದಳು. ರಕ್ತ ಇವಳ ಹಿಂದೆಯೇ ಬರುತ್ತಿತ್ತು. ಮಂಗಳವಾರ ಮುದ್ದೆ ಉಂಡವಳನ್ನು ಹಾಗೇ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಸಕ್ಕರೆ ನೋಡಿದ ಡಾಕ್ಟರು ಮಿಷನ್ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ಚುಚ್ಚಿದರು. ಕಾಲಿನ ನರವೆಲ್ಲ ಸತ್ತಿದೆಯಂತೆ. ಸೋಮವಾರದೊಳಗೆ ಬಾವು ಇಳಿಯದಿದ್ದರೆ ಬೆರಳು ತೆಗೆಯಬೇಕಂತೆ.

ಇವಳನ್ನು ಏಕೆ ಕರೆಯಲಿಲ್ಲ ಎಂದು ನರ್ಸ್ ಶಿಲ್ಪಳ ಮೇಲೆ ಹಾರಾಡಿದೆ. ಆ ಹುಡುಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಗಂಗಲಕ್ಷ್ಮಮ್ಮ ಎಂಬ ಇವಳ ಹೆಸರಿನ ಮುಂದೆ ಹಸಿರು ಬಣ್ಣ. ‘ಯಜಮಾನ್ರೇ, ಬಂದಾಗೆಲ್ಲ ಅವ್ರ ಸಕ್ಕರೆ ಚೆನ್ನಾಗೇ ಇತ್ತು. ಕಂಪ್ಯೂಟರ್ ಯಾರನ್ನ ಕರೀ ಅಂತದೋ ಅವರನ್ನ ಕರೀತೀವಿ’ ಎಂದಳು. ಮೊದಲು ಬಂದವರ ಪಾದವನ್ನೆಲ್ಲ ಕೈಯಿಂದ ಮುಟ್ಟಿ ನೋಡುತ್ತಿದ್ದವಳು ಅವಳೇ. ಈಗ ನಿಮ್ಮ ಯಂತ್ರ ಬೇಡ ಎಂದವರ ಪಾದ ಯಾರಿಗೂ ಬೇಡ. ಹಸಿರು ಬಳಿದು ಕೈ ಬಿಟ್ಟಿದ್ದು ಯಾರನ್ನು ಗೊತ್ತೇನೇ? ನಿನಗೆ ಎಣ್ಣೆನೀರು ಹಾಕಿ ಬೆಳೆಸಿದವಳನ್ನು. ಇಷ್ಟಾದರೂ ಅವಳು ‘ಪಾಪ, ಮಗೀಗೇನ್ ಗೊತ್ತು’ ಅನ್ನುತ್ತಾಳೆ. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು, ಹಸಿರು ಏಕೆ ಬಳಿಯಬೇಕು?

ಮೈ ಜೋಪಾನ. ಇದನ್ನೋದಿ ಅಳಬೇಡ, ಅತ್ತರೆ ಇನ್ನೊಂದು ಕಾಗದ ಬರೆಯುತ್ತೇನೆ. ಅತ್ತೆ ನಿನಗೆ ಹುರಿಹಿಟ್ಟು ಕಳಿಸಬೇಕೆಂದು ಮಂಚದಿಂದಲೇ ಹಟ ಹಿಡಿದಿದ್ದಾಳೆ.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಮಾವ,
ಆವಲಪ್ಪ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನತ್ತೆ ಒಳಗಿನಿಂದ ಕೂಗಿದಳು: ‘ಕಟ್ಟು ಬಿಚ್ಚಿಸೋಕೆ ಶನಿವಾರ ಹೋಗಾಣ, ಹೆಂಗೂ ಒಪ್ಪತ್ತು, ಬೆಳಿಗ್ಗೆ ಒಲೆ ಕೆಲ್ಸ ಇರಲ್ಲ.’ ಲಕೋಟೆ ಬಿಟ್ಟು ಮತ್ತೆ ಪೆನ್ನು ಹಿಡಿದೆ. ಇವಳು ಸಕ್ಕರೆ ನೋಡಿಸಲು ಹೋಗುತ್ತಿದ್ದದ್ದು ಯಾವಾಗಲೂ ಶನಿವಾರವೇ, ವೆಂಕಟರಮಣನಿಗೆಂದು ಒಂದೇ ಹೊತ್ತು ಉಣ್ಣುವ ದಿನ, ಬರಿ ಹೊಟ್ಟೆಯಲ್ಲಿ. ಉಂಡ ಮೇಲೆ ಏರುವ ಸಕ್ಕರೆ ನಿನ್ನ ಕಂಪ್ಯೂಟರಿಗೆ ಕಂಡೇ ಇಲ್ಲ, ಅದಕ್ಕೇ ಆ ಹಸಿರು. ಊರಿನ ಅರ್ಧ ಹೆಂಗಸರು ಇವಳ ಜೊತೆ ಅದೇ ಬಸ್ಸಿಗೆ ಹೋಗುತ್ತಾರೆ. ನಿನ್ನ ಕಂಪ್ಯೂಟರಿಗೆ ತಾರೀಖು ಗೊತ್ತಿದೆಯಲ್ಲ, ವಾರವನ್ನೂ ನೋಡಲು ಹೇಳು. ಶನಿವಾರವೇ ಬಂದವರನ್ನೆಲ್ಲ ಬೇರೆ ದಿನ ಉಂಡು ಬರಲು ಹೇಳಿಸಿ, ಪಾದ ಮುಟ್ಟಿ ನೋಡಿಸು. ಟಪಾಲಿಗೆ ಕಾಯಲಾರೆ, ಇದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಆ ಬಸ್ಸಿನಲ್ಲಿ ಇವಳ ಪಕ್ಕದ ಸೀಟು ಯಾವಾಗಲೂ ನಿಮ್ಮಮ್ಮನದು. ಕನ್ನಡಕ ಹಾಕಿಕೊಂಡು ಅಕ್ಕನ ಪಾದ ನೋಡಲು ಹೊರಟೆ. ಉಳಿದವರನ್ನು ನೀನು ನೋಡು.