ಮೂರು ಬಣ್ಣದ ಶಿಲುಬೆ

ಹೆಗ್ಗದ್ದೆ
6 ನವೆಂಬರ್ 1988

ಪ್ರೀತಿಯ ಮಾಂಯ್,

ನಿಮ್ಮ ಸೊಸೆಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗನ ಕಾಲಂತೂ ಈ ವಾರವಿಡೀ ನೆಲದ ಮೇಲೆ ನಿಂತಿಲ್ಲ. ಮಸ್ಕತ್ತಿನಿಂದ ಮಂಗಳೂರಿಗೆ ಮರಳಿದವರೊಬ್ಬರಿಂದ ಕೊಂಡ ಆ ದೊಡ್ಡ ಟಿ.ವಿ. ಕೊನೆಗೂ ಮನೆ ಸೇರಿತು. ದೊಡ್ಡದೆಂದರೆ ನಮ್ಮ ಬಟ್ಟೆ ಬೀರುವಿನಷ್ಟು. ಲಾರಿಯಲ್ಲಿ ಹುಲ್ಲಿನ ಮೇಲೆ ಕೂರಿಸಿ ಘಾಟಿ ಹತ್ತಿಸಿದರು. ದೋಣಿಗಲ್‌ನಿಂದ ಇವರು ಜೀಪಿನಲ್ಲಿ ಅದರ ಹಿಂದೆಯೇ ಬಂದರು. ಮದುವೆಯ ದಿನ ನನ್ನನ್ನು ಕರೆತಂದಾಗಲೂ ಇಷ್ಟು ಜೋಪಾನವಾಗಿ ಓಡಿಸಿರಲಿಲ್ಲ.

ತಂದಿಟ್ಟರೆ ಆಗಲಿಲ್ಲ, ಹದ ಮಾಡಬೇಕು. ಪೆಟ್ಟಿಗೆಯೊಳಗಿನ ಮೂರು ಕೊಳವೆಗಳು ಪರದೆಗೆ ಹಿಂದಿನಿಂದ ಕೆಂಪು, ಹಸಿರು, ನೀಲಿ ಬೆಳಕು ಬೀರುತ್ತವೆ. ಮೊದಲು ಒಂದೊಂದೂ ಒಂದು ಶಿಲುಬೆ ಗೆರೆ ಎಳೆಯುತ್ತದೆ. ಮೂರು ಶಿಲುಬೆಗಳೂ ಒಂದರ ಮೇಲೊಂದು ಕೂತರೆ ಗೆರೆ ಬೆಳ್ಳಗಾಗಬೇಕು. ಹಾಸನದಿಂದ ಬಂದ ಮೆಕ್ಯಾನಿಕ್ ಸೋತು ಕೈಬಿಟ್ಟಿದ್ದನ್ನು ಇವರು ಊಟ ಮರೆತು ಕೂತು ಸಾಧಿಸಿದರು. ಗೆರೆಗಳ ನಡುವೆ ಕೂದಲು ತೂರಿಸುವಷ್ಟೂ ಸಂದು ಉಳಿಯಲಿಲ್ಲ.

ಇವತ್ತು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರೂ ಕೂಲಿ ಲೈನಿನವರೂ ನಮ್ಮ ಹಾಲ್‌ನಲ್ಲಿ ಸೇರಿದ್ದರು. ಪಕ್ಕದ ಎಸ್ಟೇಟಿನ ಚಂದ್ರಯ್ಯನವರಿಗೆ ಮುಂದಿನ ಕುರ್ಚಿ. ಟಿ.ವಿ. ಹಾಕಿದ್ದೇ ತಡ, ಅವರು ಬಾಯಿ ಬಿಟ್ಟರು: “ಏನ್ ಮಾರಾಯ ಕ್ಯಾಸ್ಮಿರ್, ಸುದ್ದಿ ಓದೋ ಅಮ್ಮನ ಮುಖ ಪಾಚಿ ಹಿಡ್ದಂಗೈತಲ್ಲ. ಈ ಕಣ್ಣಲ್ಲೇ ಏನು ನೀನು ನಮ್ಗೆಲ್ಲ ಹಣ್ಣು ನೋಡಿ ಹೇಳೋದು?” ಎಲ್ಲರೂ ನಕ್ಕರು. ಕಾಫಿ ಕೊಯ್ಲು ಶುರು ಮಾಡುವ ಮೊದಲು ಸುತ್ತಿನ ಎಸ್ಟೇಟಿನವರೆಲ್ಲ ನಿಮ್ಮ ಮಗನನ್ನು ಕರೆಸಿ ಹಣ್ಣು ಹದಕ್ಕೆ ಬಂದಿದೆಯೇ ಎಂದು ಕೇಳುವುದು ನಿಮಗೆ ಗೊತ್ತೇ ಇದೆ. ಇವರು ನಗಲಿಲ್ಲ.

ತಪ್ಪು ನನ್ನದು. ಬೆಳಿಗ್ಗೆ ಧೂಳು ಒರೆಸುವಾಗ ಬಣ್ಣದ ನಾಬ್ ನನ್ನ ಕೈ ತಗುಲಿ ತಿರುಗಿತ್ತು. ಹಾಗೆಂದು ಹೇಳಿ ನಾನೇ ಎದ್ದು ಸರಿಮಾಡಿದೆ. ಆ ಅಮ್ಮನ ಮುಖಕ್ಕೆ ಕಳೆ ಬಂತು. “ಈಗ ನೋಡಿ, ಮನುಷ್ಯರಂಗೆ ಕಾಣ್ತೈತೆ” ಎಂದಳು ಲೈನಿನ ಚಿನ್ನಮ್ಮ. ಹೆಂಗಸರಿಗೆ ಮೆಷಿನ್ ಮುಟ್ಟಲು ಬಿಟ್ಟರೆ ಇಷ್ಟೇ ಎಂದು ಚಂದ್ರಯ್ಯನವರು ಕಾಫಿ ಮುಗಿಯುವವರೆಗೂ ಕಾಲೆಳೆದರು, ಎಳೆಯಲಿ. ಹೋಗುವಾಗ, ಬುಧವಾರ ನಮ್ಮ ತೋಟಕ್ಕೂ ಬಂದು ಹಣ್ಣು ನೋಡು ಎಂದು ಇವರಿಗೆ ಹೇಳಿಯೇ ಹೋದರು. ಈ ಸೀಮೆಯಲ್ಲಿ ಇಂಥ ಟಿ.ವಿ. ಇಲ್ಲ, ಇಂಥ ಕೈಗುಣದವರೂ ಇಲ್ಲ. ಕ್ರಿಸ್ಮಸ್‌ಗೆ ಬನ್ನಿ, ಮುಂದಿನ ಕುರ್ಚಿ ನಿಮಗೆ.

ನಿಮ್ಮ ಪ್ರೀತಿಯ ಸೊಸೆ,
ತೆರೇಸಾ

ತಾ.ಕ.: ಮೇಲಿನದನ್ನು ಮನೆಯವರಿಗೆಲ್ಲ ಓದಿ ಹೇಳಿ. ಇದು ನಿಮಗೊಬ್ಬರಿಗೆ. ಆ ನಾಬನ್ನು ನಾನು ಬೆಳಿಗ್ಗೆ ಮುಟ್ಟಿರಲೇ ಇಲ್ಲ. ಗೆರೆ ಕೂಡಿಸಿದ್ದೂ ಇವರೇ, ಬಣ್ಣ ಹಾಗೆ ತಿರುಗಿಸಿಟ್ಟಿದ್ದೂ ಇವರೇ. ಜನ ಹೋದ ಮೇಲೆ ಇವರು ತಾವಾಗಿ ಹೇಳಿದರು: ಕೆಂಪು, ಹಸಿರು ಎರಡೂ ತಮಗೆ ಒಂದೇ ಥರ ಕಾಣುತ್ತವಂತೆ, ಚಿಕ್ಕಂದಿನಿಂದಲೂ. ಅದು ನಿಮಗೆ ಮಾತ್ರ ಗೊತ್ತಂತೆ. ಗಿಡದ ಬುಡದಲ್ಲಿ ಕೂರಿಸಿಕೊಂಡು, ಹಣ್ಣನ್ನು ಬೆರಳಲ್ಲಿ ಹಿಸುಕಿ ಹದ ತಿಳಿಯಲು ಕಲಿಸಿದ್ದು ನೀವೇ ಅಂತೆ. ಇಷ್ಟು ವರ್ಷ ನನಗೊಂದು ಮಾತು ಹೇಳಲಿಲ್ಲವೆಂದು ನಿಮ್ಮಿಬ್ಬರ ಮೇಲೂ ಸಿಟ್ಟಿದೆ. ಆದರೆ ಉಳಿದವರು ಕಣ್ಣಿಂದ ನೋಡಿ ತಪ್ಪುವುದನ್ನು ಇವರು ಬೆರಳಿಂದ ನೋಡಿ ಒಂದು ವರ್ಷವೂ ತಪ್ಪಲಿಲ್ಲವಲ್ಲ, ಆ ಹೆಮ್ಮೆಯ ಮುಂದೆ ಸಿಟ್ಟು ನಿಲ್ಲುತ್ತಿಲ್ಲ. ಹಾಗಾದರೆ ಮದುವೆಯ ದಿನ ನಾನು ಉಟ್ಟಿದ್ದ ಕೆಂಪು ಸೀರೆ ನಿಮಗೆ ಹೇಗೆ ಕಂಡಿತ್ತು ಎಂದು ಇವರನ್ನು ಕೇಳಿದೆ. ಸೀರೆಯ ಬಣ್ಣ ಗೊತ್ತಾಗಲಿಲ್ಲ, ಉಂಗುರ ತೊಡಿಸುವಾಗ ನಿನ್ನ ಬೆರಳು ನಡುಗುತ್ತಿದ್ದದ್ದು ಗೊತ್ತಾಯಿತು ಎಂದರು.