ಹಸು ಬಂಡೆಯ ಗುರುತು

ಹಾಲ್ವರ್ ಕೆರೆ, ಮಿನ್ನೆಸೋಟ
ಮೇ ೪, ಸೋಮವಾರ

ಮಗಳೇ ಮಾರಿತ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಯಾರೋ ತೀರಿಕೊಂಡರೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಕೆರೆಯ ಮೇಲಿನ ಮಂಜುಗಡ್ಡೆ ಏಪ್ರಿಲ್ ಇಪ್ಪತ್ತೇಳಕ್ಕೆ ಪೂರ್ತಿ ಒಡೆಯಿತು. ನಿಮ್ಮಪ್ಪ ಅಡುಗೆಮನೆಯ ಬಾಗಿಲ ಹಿಂದೆ ಪ್ರತಿ ವರ್ಷ ಬರೆಯುತ್ತಿದ್ದ ಪಟ್ಟಿಗೆ ಆ ತಾರೀಖನ್ನೂ ಸೇರಿಸಿದ್ದೇನೆ. ಅವರ ಅಕ್ಷರದ ಕೆಳಗೆ ಈಗ ನನ್ನ ಅಕ್ಷರದ ಏಳು ಸಾಲುಗಳಿವೆ.

ಬ್ರಿಟಾಗೆ ಪ್ರತಿ ಹುಟ್ಟುಹಬ್ಬಕ್ಕೂ ಕಾರ್ಡು ಕಳಿಸುತ್ತಿದ್ದೇನೆ. ಹದಿಮೂರು ತುಂಬಿದ ಹುಡುಗಿಗೆ ‘ತಲುಪಿತು ಅಜ್ಜಿ’ ಎಂದು ಒಂದು ಸಾಲು ಬರೆಯುವುದನ್ನು ಯಾರಾದರೂ ಕಲಿಸಬೇಕಿತ್ತು. ಇದನ್ನು ದೂರು ಎಂದು ತಿಳಿಯಬೇಡ ಎಂದು ಬರೆಯಲು ಹೊರಟೆ. ಆದರೆ ಇದು ದೂರೇ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಬಲಭುಜ ಕೆಟ್ಟಿದೆ. ಇನ್ನು ದೋಣಿಗೆ ಹುಟ್ಟು ಹಾಕಕೂಡದು ಎಂದು ಡಾಕ್ಟರು ಹೇಳಿದರು. ಎಪ್ಪತ್ತಾರು ವರ್ಷದ ಹೆಂಗಸು ಹುಟ್ಟು ಹಾಕುವುದಾದರೂ ಯಾಕೆ ಎಂದು ಅವರೂ ಕೇಳಿದರು, ನೀನೂ ಕೇಳುತ್ತೀಯ. ಅವರಿಗೆ ಉತ್ತರ ಕೊಡಲಿಲ್ಲ. ನಿನಗೆ ಕೊಡುತ್ತೇನೆ.

ಐದು ಬೇಸಿಗೆಯಿಂದ, ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಪ್ರತಿ ಶನಿವಾರ ಮತ್ತು ಭಾನುವಾರ ನಾನು ನೀರಿನಡಿ ಅಡಗಿರುವ ಆ ಹಸು ಬಂಡೆಯ ಪಕ್ಕದಲ್ಲಿ ಕೂರುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಸಣ್ಣ ದೋಣಿಯಲ್ಲಿ ಹೋಗಿ, ಬಂಡೆಯಿಂದ ಹತ್ತು ಅಡಿ ದೂರದಲ್ಲಿ ಲಂಗರು ಹಾಕಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಸಂಜೆ ಆರರವರೆಗೆ ಇರುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ. ಜುಲೈ ನಾಲ್ಕರ ಹಬ್ಬದ ದಿನಗಳಲ್ಲಿ ಈ ಕೆರೆ ಹೇಗಿರುತ್ತದೆಂದು ನಿನಗೆ ಗೊತ್ತು. ದೋಣಿಗಳು ಎಡಕ್ಕೆ ಸುತ್ತು ಹಾಕಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ, ಈಜುವವರ ಪಕ್ಕದಲ್ಲೇ ಅಲೆ ಎಬ್ಬಿಸಿಕೊಂಡು ಹೋಗುತ್ತಾರೆ, ಹಾಡು ದಡದವರೆಗೆ ಕೇಳುತ್ತದೆ. ನಾನು ಅವರನ್ನು ಬೈಯಲು ಕೂತಿದ್ದೇನೆಂದು ಎಲ್ಲರೂ ತಿಳಿದಿದ್ದಾರೆ. ಬೈಯುವುದೂ ಉಂಟು. ಮಕ್ಕಳು ನನ್ನನ್ನು ‘ಬಂಡೆ ಅಜ್ಜಿ’ ಎಂದು ಕರೆಯುತ್ತಾರಂತೆ. ಪಕ್ಕದ ಮನೆಯ ವರ್ನ್ ಒಂದು ದಿನ ದೋಣಿ ನಿಧಾನ ಮಾಡಿ, "ಅಲ್ಲಾ ಆರ್ಲಿಸ್, ಕಲ್ಲಿಗೆ ಹೊಡೀಬಾರ್ದು ಅಂತ ನೀನು ಕೂತಿದೀಯ, ಸರಿ. ಆದ್ರೆ ನಿನ್ನ ಮುಖ ನೋಡಿ ಹೆದರ್ಕೊಂಡೇ ನಾನು ಎರಡ್ ಸಲ ಕಲ್ಲಿನ ಕಡೆ ತಿರುಗಿಸಿಬಿಟ್ಟಿದ್ದೆ!" ಎಂದ. "ಹಾಗಾದ್ರೆ ಮುಂದಿನ ಸಲ ಹೊಡಿ, ನನಗೂ ನೆಮ್ಮದಿ" ಎಂದೆ.

ಒಂದು ಮಾತು ಹೇಳಬೇಕು. ಈ ಕೆರೆಯಲ್ಲಿ ದೋಣಿಗೆ ದೋಣಿ ಎದುರಾದರೆ ಕೈ ಎತ್ತುವ ಪದ್ಧತಿ ಇನ್ನೂ ಉಳಿದಿದೆ. ಗುರುತಿರಲಿ ಇಲ್ಲದಿರಲಿ, ಎತ್ತುತ್ತಾರೆ. ಕಳೆದ ಜುಲೈನ ಒಂದು ಶನಿವಾರ ಎಣಿಸಿದೆ. ಇನ್ನೂರ ಹನ್ನೊಂದು ಜನ ಕೈ ಎತ್ತಿದರು, ನಾನೂ ಇನ್ನೂರ ಹನ್ನೊಂದು ಸಲ ಎತ್ತಿದೆ. ಸಂಜೆ ಮನೆಗೆ ಬಂದು ಆಲೂಗಡ್ಡೆ ಬಿಸಿ ಮಾಡುವಾಗ, ಇವತ್ತು ಬಾಯಿ ತೆರೆದು ಒಂದು ಮಾತೂ ಆಡಿಲ್ಲವಲ್ಲ ಎಂದು ಹೊಳೆಯಿತು.

ಭುಜ ಹೋದ ಮೇಲೆ ಈ ಬೇಸಿಗೆ ಅಲ್ಲಿ ಕೂರುವವರಿಲ್ಲ. ಆದ್ದರಿಂದ ಬಂಡೆಯ ಮೇಲೆ ಸರಿಯಾದ ತೇಲುಗುರುತು ಹಾಕಲು ಅನುಮತಿ ಬೇಕೆಂದು ಶೆರಿಫ್ ಕಚೇರಿಯ ಅರ್ಜಿ ತಂದೆ. ಎರಡು ಪುಟ. ಆರು ಪ್ರಶ್ನೆಗಳಿಗೆ ಕೂತಲ್ಲೇ ಉತ್ತರ ಬರೆದೆ. ಏಳನೆಯದು: ‘ಈ ಸ್ಥಳದಲ್ಲಿ ಹಿಂದೆ ಅಪಘಾತವಾಗಿದೆಯೇ? ಆಗಿದ್ದರೆ ಕಾರಣ ತಿಳಿಸಿ.’ ಅರ್ಜಿ ಹನ್ನೆರಡು ದಿನ ಮೇಜಿನ ಮೇಲೆಯೇ ಇತ್ತು.

ಆ ದಿನದ ಸಂಗತಿ ನಿನಗೆ ಗೊತ್ತು. ಆದರೆ ನಿನಗೆ ಗೊತ್ತಿರುವುದು ನಾನು ಹೇಳಿದಷ್ಟು.

ನಿಮ್ಮಪ್ಪ ಬದುಕಿರುವವರೆಗೆ ಮಂಜುಗಡ್ಡೆ ಒಡೆದ ವಾರವೇ ಹಸು ಬಂಡೆಗೆ ಗುರುತಾಗಿ ತೇಲಲೆಂದು ಬ್ಲೀಚಿನ ಖಾಲಿ ಕ್ಯಾನ್ ಕಟ್ಟುತ್ತಿದ್ದರು. ಅದನ್ನು ಎಡಕ್ಕೆ ಬಿಟ್ಟು ಬಂದರೆ ನಮ್ಮ ದಡ. ನೀನು ಒಂಬತ್ತು ವರ್ಷದವಳಿದ್ದಾಗಲೇ ಆ ಗುರುತಿನ ಮೇಲೆ ದೋಣಿ ತರುತ್ತಿದ್ದೆ. ಅವರು ಹೋದದ್ದು ಫೆಬ್ರವರಿಯಲ್ಲಿ. ಆ ಮೇ ತಿಂಗಳಲ್ಲಿ ಮೀನು ಹಿಡಿಯುವ ಕಾಲ ಶುರುವಾದ ದಿನ ನೀನೂ ನಿನ್ನ ಗಂಡನೂ ಬಂದಿರಿ. ಕರ್ಟಿಸ್ ತಾನೇ ಹೋಗಿ ಹೊಸ ಕ್ಯಾನ್ ಕಟ್ಟಿ ಬಂದ. ಬಂದವನೇ, "ಮಾವ ಕಟ್ತಿದ್ದ ಜಾಗದಲ್ಲೇ ಕಟ್ಟಿದೀನಿ, ನೀವೇನೂ ಯೋಚನೆ ಮಾಡ್ಬೇಡಿ" ಎಂದ. ನಾನು ತಲೆಯಾಡಿಸಿದೆ.

ನೀವು ಸೇಂಟ್ ಪಾಲ್‌ಗೆ ಹೊರಟ ಮರುದಿನ ನಾನು ಹೋಗಿ ಅದನ್ನು ತೆಗೆದೆ.

ಅನುಮತಿಯಿಲ್ಲದೆ ಯಾರೂ ಕೆರೆಯಲ್ಲಿ ತಮ್ಮ ಸ್ವಂತ ಗುರುತು ಹಾಕಕೂಡದು, ಅದು ನಿಯಮ. ದೋಣಿ ನಡೆಸುವವರಿಗೆ ಆ ನಿಯಮವನ್ನು ಕಲಿಸುವವಳು ನಾನು. ನನ್ನ ಮನೆಯ ಮುಂದೆಯೇ ಅದು ಮುರಿದರೆ ಹೇಗೆ? ತೆಗೆದೆ. ಯಾರಿಗೂ ಹೇಳಲಿಲ್ಲ.

ಜುಲೈ ನಾಲ್ಕರ ಮಧ್ಯಾಹ್ನ ನಾನು ನಮ್ಮ ದೋಣಿಕಟ್ಟೆಯ ಮೇಲೆ ನಿಂತಿದ್ದೆ. ಕರ್ಟಿಸ್ ಬ್ರಿಟಾಳನ್ನು ಕೂರಿಸಿಕೊಂಡು ಮರಳುತ್ತಿದ್ದ. ಅವನು ವೇಗವಾಗಿ ಬರಲಿಲ್ಲ ಮಾರಿತ್. ಬಂಡೆ ಇನ್ನೂ ದೂರವಿದ್ದಾಗಲೇ ನಿಧಾನ ಮಾಡಿ, ಎದ್ದು ನಿಂತು, ಹಣೆಗೆ ಕೈಯಿಟ್ಟು ನೀರಿನ ಮೇಲೆ ಏನನ್ನೋ ಹುಡುಕುತ್ತಿದ್ದ. ತಾನೇ ಕಟ್ಟಿದ ಕ್ಯಾನ್ ಕಾಣದ್ದರಿಂದ ಬಂಡೆ ಇನ್ನೂ ಮುಂದಿದೆ ಎಂದುಕೊಂಡ. ಅವನು ಏನು ಹುಡುಕುತ್ತಿದ್ದಾನೆಂದು ನನಗೆ ತಿಳಿದಿತ್ತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಆ ಸದ್ದು ಕೇಳಿತು. ಮಗು ಮುಂದಿನ ಹಲಗೆಗೆ ಬಿದ್ದು ಭುಜದ ಮೂಳೆ ಮುರಿಯಿತು.

ಶೆರಿಫನ ಕಡೆಯವನು ಬಂದು ಕೇಳಿದಾಗ, "ವೇಗ ಜಾಸ್ತಿ ಇತ್ತು" ಎಂದೆ. ಈ ಕೆರೆಯಲ್ಲಿ ನನ್ನ ಮಾತಿಗೆ ಇನ್ನೊಂದು ಸಾಕ್ಷಿ ಬೇಕಾಗುವುದಿಲ್ಲ. ಬರೆದುಕೊಂಡು ಹೋದ. ಕರ್ಟಿಸ್ ಒದ್ದೆ ಬಟ್ಟೆಯಲ್ಲಿ ನಿಂತು, "ಕ್ಯಾನ್ ಇರ್ಲಿಲ್ಲ, ಆಣೆಗೂ ಕ್ಯಾನ್ ಇರ್ಲಿಲ್ಲ" ಎನ್ನುತ್ತಿದ್ದ. "ಕ್ಯಾನ್ ಇರ್ಲಿ ಬಿಡ್ಲಿ, ಕಣ್ಣಿರ್ಲಿಲ್ವಾ?" ಎಂದೆ. ನೀನು ನನ್ನ ಮುಖ ನೋಡಿದೆ. ಆಗ ನನ್ನನ್ನು ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಇಲ್ಲ, ಹೇಳುತ್ತಿರಲಿಲ್ಲ.

ಆಮೇಲೆ ನ್ಯಾಯಾಧೀಶರು ಅವನಿಗೆ ದೋಣಿ ಸುರಕ್ಷತೆಯ ತರಗತಿಗೆ ಹಾಜರಾಗಬೇಕೆಂದು ಆಜ್ಞೆ ಮಾಡಿದರು. ಈ ಸುತ್ತಮುತ್ತ ಆ ತರಗತಿ ನಡೆಸುವವಳು ನಾನೊಬ್ಬಳೇ. ಆಗಸ್ಟಿನ ಎರಡು ಶನಿವಾರ ಅವನು ಊರಿನ ಸಭಾಭವನದ ಹಿಂದಿನ ಬೆಂಚಿನಲ್ಲಿ ಹನ್ನೆರಡು ವರ್ಷದ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂತ. ನೀನು ಹೊರಗೆ ಕಾರಿನಲ್ಲಿ ಕೂತಿದ್ದೆ, ಒಳಗೆ ಬರಲಿಲ್ಲ. ಎರಡನೆಯ ಶನಿವಾರ ನಾನು ಅವನನ್ನೇ ಎಬ್ಬಿಸಿ, ಗುರುತಿಲ್ಲದ ನೀರಿನಲ್ಲಿ ದೋಣಿ ನಡೆಸುವವನ ಜವಾಬ್ದಾರಿ ಏನು ಎಂದು ಕೇಳಿದೆ. ಮಕ್ಕಳು ಕಿಸಕ್ಕೆಂದರು. ಅವನು ನಿಂತು, "ಗೊತ್ತಿಲ್ದಿದ್ರೆ ಎಲ್ಲವೂ ಕಲ್ಲೇ ಅಂದ್ಕೊಂಡು ಹೋಗ್ಬೇಕು, ಮಿಸೆಸ್ ನೈಗಾರ್ಡ್" ಎಂದ. ಹತ್ತು ವರ್ಷ ನನ್ನನ್ನು ಆರ್ಲಿಸ್ ಎಂದೇ ಕರೆಯುತ್ತಿದ್ದವನು. ಪುಸ್ತಕದಲ್ಲಿ ಇರುವುದಕ್ಕಿಂತ ಒಳ್ಳೆಯ ಉತ್ತರ ಅದು. ನಾನು ಕೂತುಕೋ ಎಂದೆ, ಅಷ್ಟೇ. ಪರೀಕ್ಷೆಯಲ್ಲಿ ಅವನದು ಒಂದೂ ತಪ್ಪಿರಲಿಲ್ಲ. ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದೆ. ಅದನ್ನು ತೆಗೆದುಕೊಂಡು ಅವನು ಕಾರು ಹತ್ತಿದ. ಆಮೇಲೆ ನೀವು ಬರಲಿಲ್ಲ.

ಹದಿಮೂರನೆಯ ದಿನ ಏಳನೆಯ ಪ್ರಶ್ನೆಗೆ ಉತ್ತರ ಬರೆದೆ. ‘ಆಗಿದೆ. ಗುರುತನ್ನು ನಾನು ತೆಗೆದು ಯಾರಿಗೂ ತಿಳಿಸದಿದ್ದುದೇ ಕಾರಣ. ದೋಣಿ ನಡೆಸುತ್ತಿದ್ದವನು ನಿಧಾನವಾಗಿಯೇ ಬರುತ್ತಿದ್ದ. ಅಂದು ನಾನು ಕೊಟ್ಟ ಹೇಳಿಕೆ ಸುಳ್ಳು.’ ಅರ್ಜಿಯ ಜೊತೆ ಅದೇ ಮಾತನ್ನು ಬೇರೆ ಹಾಳೆಯಲ್ಲೂ ಬರೆದು ಸಹಿ ಹಾಕಿ ಕೊಟ್ಟೆ. ಕಿಟಕಿಯ ಆಚೆಗಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಓದಿ, "ಇದನ್ನ ಒಳಗೆ ಕೊಡ್ಲೇಬೇಕಾ, ಮಿಸೆಸ್ ನೈಗಾರ್ಡ್?" ಎಂದಳು. "ನಾನು ಕಲಿಸಿದ್ದು ಇಷ್ಟೇನಾ ನಿನಗೆ? ಕೊಡು" ಎಂದೆ. ಕರ್ಟಿಸನ ಹೆಸರಿನ ಮೇಲಿರುವ ಆರೋಪವನ್ನು ಅಳಿಸಲು ಅವನೂ ಒಂದು ಅರ್ಜಿ ಹಾಕಬೇಕಂತೆ. ಅದರ ಹಾಳೆ ಈ ಲಕೋಟೆಯಲ್ಲಿದೆ, ನನ್ನ ಹೇಳಿಕೆಯ ಪ್ರತಿಯೂ ಇದೆ. ಕಲಿಸುವವಳ ಬ್ಯಾಡ್ಜನ್ನು ಹಿಂದಿರುಗಿಸಿದ್ದೇನೆ. ಮೂವತ್ತೊಂದು ವರ್ಷ ಅದನ್ನು ಹಾಕಿಕೊಂಡಿದ್ದ ಕೋಟಿನಲ್ಲಿ ಎರಡು ತೂತು ಉಳಿದಿವೆ.

ವರ್ನ್‌ಗೂ ಹೇಳಿದೆ. ನಗೆಚಾಟಿಕೆ ಮಾಡುತ್ತಾನೆಂದುಕೊಂಡಿದ್ದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದಕ್ಕಿಂತ ನಕ್ಕಿದ್ದರೆ ಚೆನ್ನಾಗಿತ್ತು.

ಅನುಮತಿ ಸಿಕ್ಕಿದೆ. ತೇಲುಗುರುತು ಬಂದು ದೋಣಿಮನೆಯಲ್ಲಿ ಬಿದ್ದಿದೆ. ಬಿಳಿಯದು, ನನ್ನ ಎದೆಯೆತ್ತರ, ಮೇಲೆ ಕಿತ್ತಳೆ ಬಣ್ಣದ ಗುರುತು. ಸರಪಳಿ ಭಾರ. ಒಬ್ಬರು ದೋಣಿಯನ್ನು ಗಾಳಿಗೆ ಎದುರಾಗಿ ಹಿಡಿದಿರಬೇಕು, ಇನ್ನೊಬ್ಬರು ಸರಪಳಿ ಬಿಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ವರ್ನ್ ತಾನು ಬರುತ್ತೇನೆಂದ. ಬೇಡ ಎಂದಿದ್ದೇನೆ. ಜೂನ್ ಮೊದಲ ಶನಿವಾರದವರೆಗೆ ಕಾಯುತ್ತೇನೆ, ಅದರಾಚೆ ಕಾದರೆ ದೋಣಿಗಳು ಶುರುವಾಗುತ್ತವೆ.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಅದು ನಿನಗೆ ಗೊತ್ತು. ಕೇಳಿದರೂ ಈ ವಯಸ್ಸಿನಲ್ಲಿ ಚೆನ್ನಾಗಿ ಬರಲಿಕ್ಕಿಲ್ಲ. ನಿಯಮವನ್ನು ಪಾಲಿಸಿದೆ, ಆದರೆ ತಿಳಿಸಲಿಲ್ಲ, ಅದು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ.

ಬ್ರಿಟಾಳ ಭುಜ ಚಳಿಗಾಲದಲ್ಲಿ ನೋಯುತ್ತದೆಯೇ? ಅಷ್ಟನ್ನಾದರೂ ಬರೆ.

ನಿನ್ನ ತಾಯಿ,
ಆರ್ಲಿಸ್ ನೈಗಾರ್ಡ್

ಮರೆತದ್ದು: ಲಕೋಟೆ ಅಂಟಿಸಿ ಆಗಿತ್ತು. ಹಬೆಗೆ ಹಿಡಿದು ಮತ್ತೆ ಬಿಚ್ಚಿದೆ. ನಿಯಮವೆಂದು ಬರೆದೆನಲ್ಲ, ಆ ನಿಯಮ ನಿಮ್ಮಪ್ಪನ ಕಾಲದಲ್ಲೂ ಇತ್ತು. ಮೂವತ್ತು ವರ್ಷ ಅವರ ಕ್ಯಾನ್ ಅಲ್ಲಿ ತೇಲುತ್ತಿತ್ತು, ನಾನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವರು ಹೋಗಿ ಮೂರು ತಿಂಗಳಾಗಿತ್ತು, ಅವರ ಜಾಗದಲ್ಲಿ ಬೇರೆಯವನ ಕ್ಯಾನ್ ಕಂಡು ನನಗೆ ತಡೆಯಲಾಗಲಿಲ್ಲ. ಬಿಚ್ಚಿ ತರಲು ಹೋದೆ. ಬೆರಳು ಸೆಟೆಯುವವರೆಗೆ ಎಳೆದರೂ ಗಂಟು ಬಿಚ್ಚಲಿಲ್ಲ, ಕೊನೆಗೆ ಚಾಕುವಿನಿಂದ ಕೊಯ್ದೆ. ಒಳ್ಳೆಯ ಗಂಟು ಹಾಕಿದ್ದ. ಕರ್ಟಿಸನಿಗೆ ಹೇಳು.