ಹೆಬ್ಬಾತು ಬರೀ ಹೆಬ್ಬಾತು

ಶಾವೊಶಿಂಗ್
೧೨ ಮಾರ್ಚ್ ೧೯೮೮

ಪ್ರೀತಿಯ ಮಗಳು ಸುಚಿಂಗ್‌ಗೆ,

ಹೇಗಿದ್ದೀಯೆ? ಬೀಜಿಂಗಿನ ಚಳಿಗೆ ಬೆರಳುಗಳು ಮತ್ತೆ ಊದಿಕೊಂಡಿವೆಯೇ? ಕೆರೆದುಕೊಳ್ಳಬೇಡ, ಶುಂಠಿ ಉಜ್ಜು. ಒಣಗಿಸಿದ ಸಾಸಿವೆ ಸೊಪ್ಪು ಕಳಿಸಿದ್ದೇನೆ, ಹಂದಿಮಾಂಸದ ಜೊತೆ ಬೇಯಿಸಿಕೋ. ಗೆಳತಿಯರಿಗೆಲ್ಲ ಹಂಚಿಬಿಟ್ಟು ನೀನು ಬರೀ ಗಂಜಿ ಕುಡಿಯಬೇಡ. ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ. ಅಣ್ಣನ ಮಗಳಿಗೆ ಹಲ್ಲು ಬಂದಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಥೇಟ್ ನಿನ್ನ ಹಾಗೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಸೋದರಮಾವ ಅಲ್ಲಿಗೆ ಬರುತ್ತಿದ್ದಾನಲ್ಲ, ಅವನ ಕೈಗೆ ಕೊಟ್ಟ ಬಟ್ಟೆ ಶೂ ಒಳಗೆ ತುರುಕಿದ್ದೇನೆ. ನಗಬೇಡ. ಕಾಲ ಬದಲಾಗಿದೆ ಎಂದು ನೀನು ಹೇಳುತ್ತೀಯೆ, ಆದರೆ ಪತ್ರ ಒಡೆದು ಓದುವ ಅಂಚೆ ಕಚೇರಿಯವನು ಹಳಬನೇ ಇದ್ದಾನೆ.

ಅಪ್ಪನ ಕಥೆಯ ಮೇಲೆ ಬರೆದು ಪತ್ರಿಕೆಗೆ ಕೊಟ್ಟಿದ್ದೀಯಲ್ಲ, ಆ ಲೇಖನದ ಪ್ರತಿಯನ್ನು ಓದಿದೆ. ಅರ್ಧ ತಲೆಗೆ ಹೋಗಲಿಲ್ಲ, ಹೋದ ಅರ್ಧ ನಿದ್ದೆ ಕೆಡಿಸಿತು. ಅಪ್ಪ ಬರೆದದ್ದಾದರೂ ಏನು? ಒಂದು ಹೆಬ್ಬಾತು ಕತ್ತು ನೀಡಿಕೊಂಡು ದಿನಾ ಬೆಳಿಗ್ಗೆ ಹಿಂಡನ್ನು ಕೊಳಕ್ಕೆ ಕರೆದೊಯ್ಯುತ್ತದೆ. ಕೊಳ ಬತ್ತಿದೆ. ಆದರೂ ಎಲ್ಲ ಬಾತುಗಳೂ ಕೆಸರಲ್ಲಿ ಕುಳಿತು ಈಜಿದಂತೆ ನಟಿಸಿ, ಜಂಬದಿಂದ ಮನೆಗೆ ಬರುತ್ತವೆ. ಇಷ್ಟೇ. ನೀನೋ ಫ್ರಾನ್ಸಿನವರ, ಜರ್ಮನಿಯವರ ಸಿದ್ಧಾಂತಗಳನ್ನೆಲ್ಲ ತಂದು ಆ ಬಡಪಾಯಿ ಹಕ್ಕಿಯ ಮೇಲೆ ಹೇರಿದ್ದೀಯೆ. ಬರಹ ಹೇಳಿದ್ದಕ್ಕಿಂತ ಮುಚ್ಚಿಟ್ಟದ್ದೇ ಮುಖ್ಯವಂತೆ. ಕಥೆ ಹುಟ್ಟಿದ ಕೂಡಲೇ ಬರೆದವನು ಸತ್ತ ಹಾಗಂತೆ. ನಿನ್ನ ಅಪ್ಪ ಸತ್ತದ್ದು ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊತ್ತು, ಮಗಳೇ. ಇದನ್ನು ಓದುವಾಗ ನನಗೆ ಕೋಪ ಬಂತು, ಮುಚ್ಚಿಡುವುದಿಲ್ಲ.

ಇಂಥ ಓದು ನನಗೇನೂ ಹೊಸದಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಶಾಲೆಯ ಅಂಗಳದಲ್ಲಿ ಅಪ್ಪನನ್ನು ತಲೆ ಬಗ್ಗಿಸಿ ನಿಲ್ಲಿಸಿದ್ದರಲ್ಲ, ಅಂದು ಟಾವೊ ಮೇಷ್ಟ್ರು ವೇದಿಕೆ ಹತ್ತಿ ಇದೇ ಕಥೆಯನ್ನು ಸಾಲು ಸಾಲಾಗಿ ಬಿಡಿಸಿದ್ದರು. ಹೆಬ್ಬಾತು ಅಂದರೆ ಯಾರು, ಬತ್ತಿದ ಕೊಳ ಅಂದರೆ ಯಾವುದು ಎಂದು ಕೇಳಿದ್ದರು. ಅವರ ಬಳಿ ಫ್ರೆಂಚ್ ಹೆಸರುಗಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಮೊನ್ನೆ ಅದೇ ಮನುಷ್ಯ ಎಳ್ಳುಂಡೆ ಹಿಡಿದುಕೊಂಡು ಮನೆಗೆ ಬಂದರು. ಇಷ್ಟು ವರ್ಷ ಬೀದಿಯಲ್ಲಿ ಕಂಡರೆ ದಾಟಿ ಹೋಗುತ್ತಿದ್ದವರು! ನಿನ್ನ ಲೇಖನದ ವಿಷಯ ಅವರಿಗೆ ಯಾರು ಹೇಳಿದರು? ಅಣ್ಣ ತಾನಲ್ಲ ಅನ್ನುತ್ತಾನೆ. ಲೇಖನವನ್ನು ಹೊಗಳಿದ ನಿಮ್ಮ ಪ್ರೊಫೆಸರರ ಮೇಲೂ ನನಗೆ ನಂಬಿಕೆಯಿಲ್ಲ. ಅಷ್ಟು ಒಳ್ಳೆಯ ಲೇಖನವಾದರೆ ತಮ್ಮ ಹೆಸರಿನಲ್ಲಿ ಯಾಕೆ ಬರೆಯಲಿಲ್ಲ? ಟಾವೊ ಮೇಷ್ಟ್ರು ಚಹಾ ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಅಂದರು: "ಅವತ್ತು ನಾನು ಹೇಳಿದ್ದನ್ನೇ ಇವತ್ತು ನಿಮ್ಮ ಮಗಳು ಹೇಳ್ತಿದ್ದಾಳೆ, ಅಕ್ಕ. ನನಗೆ ಊರೆಲ್ಲ ಉಗೀತು, ಅವಳಿಗೆ ಡಾಕ್ಟರೇಟ್ ಕೊಡ್ತಾರೆ." ಅವರು ಹೋದ ಮೇಲೆ ಎಳ್ಳುಂಡೆಯನ್ನು ಪಕ್ಕದ ಮನೆಯ ಕೋಳಿಗೆ ಹಾಕಿದೆ.

ಅಪ್ಪ ಹೋಗಿ ಎಂಟು ವರ್ಷಕ್ಕೆ ಸರ್ಕಾರ ಅವರನ್ನು ನಿರಪರಾಧಿ ಎಂದಿತು. ಹೇಗೆ? ಹೆಬ್ಬಾತು ಬರೀ ಹೆಬ್ಬಾತು, ಕಥೆಯಲ್ಲಿ ಗೂಢಾರ್ಥವಿಲ್ಲ ಎಂದು. ಆ ಒಂದು ಮಾತಿನ ಮೇಲೆ ಅಣ್ಣನಿಗೆ ಶಾಲೆಯ ಕೆಲಸ ಸಿಕ್ಕಿತು, ಈ ಎರಡು ಕೋಣೆ ವಾಪಸ್ಸು ಬಂದವು, ಅಪ್ಪನ ಸಮಾಧಿಗೆ ಹೆಸರು ಬಂತು. ಆ ಮಾತು ಅಪ್ಪನಿಗೆ ಅವಮಾನ, ಅವರು ಧೀರರು ಎಂದು ಲೋಕಕ್ಕೆ ತೋರಿಸುತ್ತೇನೆ ಎಂದು ಬರೆದಿದ್ದೀಯೆ. ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಗಾಳಿ ತಿರುಗಿದರೆ ನೀನು ಬರೆದದ್ದೇ ಸಾಕ್ಷಿಯಾಗುತ್ತದೆ. ಪತ್ರಿಕೆಯಿಂದ ಲೇಖನವನ್ನು ವಾಪಸ್ಸು ತರಿಸಿಕೋ. ಚಿಂಗ್‌ಮಿಂಗ್ ಹಬ್ಬಕ್ಕೆ ಸಮಾಧಿ ಗುಡಿಸಲು ಬರುತ್ತೀಯಲ್ಲ, ಆಗ ಕೂತು ಮಾತಾಡೋಣ.

ಅಣ್ಣ ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ತಾ.ಕ.: ಸೋದರಮಾವ ಬಾಗಿಲಲ್ಲಿ ನಿಂತು ರೈಲಿಗೆ ಹೊತ್ತಾಯಿತೆಂದು ಗೊಣಗುತ್ತಿದ್ದಾನೆ. ನಿನ್ನ ಹಟ ನನಗೆ ಗೊತ್ತು, ಕಾರಣ ತಿಳಿಯದೆ ನೀನು ಬಿಡುವವಳಲ್ಲ. ನಾನು ಅಕ್ಕಿ ತೊಳೆಯುತ್ತಿದ್ದಾಗ ಅಪ್ಪ ಆ ಕಥೆಯನ್ನು ಮೊದಲು ಓದಿ ಹೇಳಿದರು. ಆಮೇಲೆ ಎದ್ದು, ಕತ್ತು ನೀಡಿ, ಕೈ ಹಿಂದೆ ಕಟ್ಟಿ, ಪಕ್ಷದ ಜಿಲ್ಲಾ ಕಾರ್ಯದರ್ಶಿಯ ಹಾಗೆಯೇ ನಡೆದು ತೋರಿಸಿದರು. ನಕ್ಕು ನಕ್ಕು ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿದೆ. ನೀನು ಸರಿಯಾಗಿ ಓದಿದ್ದೀಯೆ. ಟಾವೊ ಮೇಷ್ಟ್ರೂ ಸರಿಯಾಗಿಯೇ ಓದಿದ್ದರು. ಎಷ್ಟು ಹೊಡೆದರೂ ಅಪ್ಪ ಮಾತ್ರ ಹೆಬ್ಬಾತು ಬರೀ ಹೆಬ್ಬಾತು ಎಂದೇ ಹೇಳಿದರು, ನಮ್ಮ ಮೂವರಿಗೋಸ್ಕರ. ಅವರ ಆ ಮಾತನ್ನು ನೀನು ಸುಳ್ಳು ಮಾಡಬೇಡ. ಈ ಪತ್ರವನ್ನು ಓದಿ ಒಲೆಗೆ ಹಾಕು.